ಬಸಗೊಂಡ ಸಾವಕಾರರ ಅಮೆರಿಕದ ಹೂವು

ಗಡಹಿಂಗ್ಲಜದ ಬಸಗೊಂಡ ಸಾವಕಾರರು ಮೂವತ್ತೈದು ವರ್ಷ ಮೆಣಸಿನಕಾಯಿ ವ್ಯಾಪಾರ ಮಾಡಿದರು. ಲಾರಿಗಟ್ಟಲೆ ಮೆಣಸಿನಕಾಯಿ ಅವರ ಅಂಗಡಿಯಿಂದ ಹೋಯಿತು, ಅವರ ಸೀನು ಪೇಟೆಗೆಲ್ಲ ಕೇಳಿತು. ಆದರೆ ಒಂದೇ ಒಂದು ಮೆಣಸಿನ ಗಿಡಕ್ಕೆ ಅವರು ಒಂದು ತಂಬಿಗೆ ನೀರು ಹಾಕಿದ್ದನ್ನು ಕಂಡವರಿಲ್ಲ. ಅಂಥವರು ಅಂಗಡಿಯನ್ನು ಮಗ ಸುಮಿತನಿಗೆ ಬಿಟ್ಟುಕೊಟ್ಟ ಮರುತಿಂಗಳೇ ತೋಟಗಾರರಾಗಿಬಿಟ್ಟರು. ಮಣ್ಣು ಮುಟ್ಟಿ ಆದರು ಅಂದುಕೊಂಡಿರಾ? ಛೇ, ಅದೆಲ್ಲ ಕೈ ಹೊಲಸಾಗುವ ಕೆಲಸ. ಕೊಲ್ಹಾಪುರದ ಒಂದು ಹೂಬಳಗದ ವಾಟ್ಸಾಪ್ ಗುಂಪಿಗೆ ಸೇರಿ ಆದರು.

ಆ ಬಳಗದವರು ಪ್ರತಿವರ್ಷ ಜೂನ್ ಮೊದಲ ವಾರ ಕೊಲ್ಹಾಪುರದಲ್ಲಿ ಹೂವಿನ ಪ್ರದರ್ಶನ ಇಡುತ್ತಿದ್ದರು. ಇಚಲಕರಂಜಿಯ ಅಭಯ ಎಂಬ ಮಗ್ಗದ ಮಾಲೀಕ ಮೂರು ವರ್ಷದಿಂದ ಗುಲಾಬಿ ಒಯ್ದು ಬೆಳ್ಳಿ ಕಪ್ಪು ಗೆಲ್ಲುತ್ತಿದ್ದ. ಅವನು ಕಪ್ಪು ಹಿಡಿದು ನಿಂತ ಫೋಟೋ ನೋಡಿ ನೋಡಿ ಸಾವಕಾರರ ಹೊಟ್ಟೆ ಉರಿಯಿತು. ಈ ಸೀಮೆಯಲ್ಲಿ ಯಾರೂ ಕಣ್ಣಲ್ಲಿ ಕಂಡಿರದ ಹೂವೇ ಬೇಕೆಂದು ಹುಡುಕಿ, ಕೋನ್‌ಫ್ಲವರ್ ಎಂಬ ಅಮೆರಿಕದ ಹೂವಿನ ಬೀಜ ತರಿಸಿದರು. ಪಾಕೀಟಿನ ಮೇಲೆ ಹೂವನ್ನು ನೆತ್ತಿಯಿಂದ ತೆಗೆದ ಫೋಟೋ ಇತ್ತು. ನಡುವೆ ಕಂದು ಬಣ್ಣದ ಮುಳ್ಳುಮುಳ್ಳು ಉಂಡೆ, ಸುತ್ತ ಬಂಡಿಯ ಗಾಲಿಯಂತೆ ಗುಲಾಬಿ ಎಸಳು. ಹೂವು ಹೇಗಿರುತ್ತದೆಂದು ತಿಳಿಯಲು ಆ ಚಿತ್ರವೊಂದನ್ನು ಬಿಟ್ಟು ಇನ್ನೇನನ್ನೂ ಅವರು ನೋಡಲಿಲ್ಲ. ಗುಂಪಿಗೆ ಫೋಟೋ ಕಳಿಸುವುದು ಅವರಿಗೆ ಇಷ್ಟ, ಬೇರೆಯವರು ಬರೆದದ್ದನ್ನು ಓದುವುದಲ್ಲ.

ಬೀಜವೇನೋ ಬಂತು. ಜಾಗ ಬೇಕಲ್ಲ? ಮನೆಯ ಮುಂದೆ, ನೀರಿನ ಟಾಕಿಯ ಪಕ್ಕ, ಹೆಂಡತಿ ಚನ್ನವ್ವನ ಹೂವಿನ ಮಡಿ ಇತ್ತು. ಆರು ಮೊಳ ಉದ್ದ. ಇಪ್ಪತ್ತೆರಡು ವರ್ಷದಿಂದ ಅವಳು ಅಲ್ಲಿ ಸೇವಂತಿಗೆ, ಅಬ್ಬಲಿಗೆ ಬೆಳೆದು, ಸೋಮವಾರಕ್ಕೊಂದು ಮಾಲೆ ಕಟ್ಟಿ ಓಣಿಯ ಬಸವಣ್ಣನಿಗೆ ಒಯ್ಯುತ್ತಿದ್ದಳು. ಅವಳು ಹಾಕಿದ ಗಂಟು ಹೂವು ಒಣಗಿದರೂ ಸಡಿಲಾಗುತ್ತಿರಲಿಲ್ಲ. ಆ ಮನೆಯಲ್ಲಿ ಕೀಲಿಕೈ ಗಂಡನದು, ಮಾತು ಗಂಡನದು, ಕೊನೆಗೆ ಟೀವಿಯ ರಿಮೋಟೂ ಗಂಡನದು. ಆರು ಮೊಳ ಮಣ್ಣು ಮಾತ್ರ ಅವಳದು. ಸಾವಕಾರರ ಕಣ್ಣು ಅದರ ಮೇಲೆಯೇ ಬಿತ್ತು.

"ಅಲ್ರೀ, ಹಿತ್ತಲ ಖಾಲಿ ಬಿದ್ದೈತಲ್ರೀ, ಅಲ್ಲಿ ಹಾಕ್ರಿ," ಎಂದಳು ಚನ್ನವ್ವ.

"ಹಿತ್ತಲದಾಗ ಹಾಕಿದ್ರ ಹೋಗು ಬರು ಮಂದಿಗೆ ಹೆಂಗ ಕಾಣಬೇಕು? ನಿನಗೇನ ತಿಳಿತೈತಿ, ಸುಮ್ನಿರ."

ಅವಳು ಸಿಟ್ಟಿನಿಂದ ಎರಡು ದಿನ ಗಂಡನ ಜೊತೆ ಮಾತು ಬಿಟ್ಟಳು. ಸಾವಕಾರರಿಗೆ ಅದು ಗೊತ್ತೇ ಆಗಲಿಲ್ಲ.

ಮಡಿ ಅಗೆಯುವ ದಿನ ಊರ ಹೊರಗಿನ ಕುರಿಹಟ್ಟಿಯಿಂದ ತಾರವ್ವ ಕುರಿಗೊಬ್ಬರ ತಂದಿದ್ದಳು. ಬೇರುಸಮೇತ ಕಿತ್ತು ಬಿದ್ದ ಸೇವಂತಿಗೆಯನ್ನು ನೋಡಿ ಚನ್ನವ್ವನಿಗೆ ಅಳು ಉಕ್ಕಿತು. ಹೊರಗಿನವರೆದುರು ಹೆಂಡತಿ ಅಳುವುದು ಸಾವಕಾರರ ಘನತೆಗೆ ಸರಿಬರಲಿಲ್ಲ.

"ಆತು ಮಾರಾಯ್ತಿ, ಎರಡ ವರ್ಷ ಕೊಡ. ಎರಡ ಪ್ರದರ್ಶನ. ಬಹುಮಾನ ಬರಲಿಲ್ಲಂದ್ರ ಮಡಿ ನಿಂದ, ನಾ ಇತ್ತಾಗ ಕಾಲೂ ಇಡೂದಿಲ್ಲ. ಬಂತಂದ್ರ ಮಾತ್ರ ಇದು ಕಾಯಂ ನನ್ನ ಹೂವಿಂದ."

"ನಾ ಕೇಳೀನಿ ನೋಡ್ರಿ ಸಾವಕಾರ್ರ," ಎಂದಳು ತಾರವ್ವ. "ಮಾತ ಕೊಟ್ಟೀರಿ." ಹಾಗೆಂದು ಸೇವಂತಿಗೆಯ ಬುಡಗಳನ್ನೆಲ್ಲ ತನ್ನ ಖಾಲಿ ಬುಟ್ಟಿಗೆ ತುಂಬಿಕೊಂಡಳು. "ನಮ್ಮ ಹಟ್ಟಿ ಮುಂದ ಇರ್ತಾವ್ರಿ ಅಕ್ಕಾರ. ಬೇಕಾದಾಗ ಹೇಳ್ರಿ."

ಇನ್ನು ಬೀಜದ ಕಥೆ ಕೇಳಿ. ಹಿಮ ಬೀಳುವ ನಾಡಿನ ಬೀಜವಂತೆ, ಚಳಿ ತಿನ್ನದೆ ಮೊಳೆಯುವುದಿಲ್ಲವಂತೆ. ಹಸಿ ಮರಳಿನಲ್ಲಿ ಕಲಸಿ ಡಬ್ಬಿಗೆ ಹಾಕಿ, ಆರು ವಾರ ಫ್ರಿಜ್ಜಿನಲ್ಲಿ ಇಡಬೇಕಂತೆ. ಸಾವಕಾರರು ಇಟ್ಟರು. ಅಂದಿನಿಂದ ಮನೆಮಂದಿ ಫ್ರಿಜ್ಜಿನ ಬಾಗಿಲು ಮುಟ್ಟಿದರೆ ಸಾಕು, "ಸಾವಕಾಶ! ಬೀಜ ಮಲಗ್ಯಾವ!" ಎಂದು ಪಡಸಾಲೆಯಿಂದ ಕೂಗು. ಆಜರಾದಿಂದ ಬಂದ ಬೀಗರು ತಣ್ಣನೆಯ ಮಜ್ಜಿಗೆ ಸಿಗದೆ ಮುಖ ಗಂಟು ಹಾಕಿಕೊಂಡು ಹೋದರು. ಎರಡು ವಾರಕ್ಕೆ ಸಾವಕಾರರ ಉತ್ಸಾಹ ಇಳಿಯಿತು, ಕೂಗು ಮಾತ್ರ ಉಳಿಯಿತು. ಮರಳು ಒಣಗದಂತೆ ನೀರು ಚಿಮುಕಿಸಿದವಳು ಚನ್ನವ್ವ. ಪಾಪ, ಬೀಜ ಏನು ತಪ್ಪು ಮಾಡಿತ್ತು?

ಫೆಬ್ರುವರಿಯಲ್ಲಿ ಬಿತ್ತನೆ. ಸಾವಕಾರರು ಫೋಟೋಗೆಂದು ಮೂರು ಬೀಜ ಊರಿ, ಸೊಂಟ ಹಿಡಿಯಿತೆಂದು ಎದ್ದರು. ಉಳಿದದ್ದನ್ನೆಲ್ಲ ಅವಳೇ ಊರಿದಳು. ಮೂರು ವಾರಕ್ಕೆ ಮೊಳಕೆ ಬಂತು, ಜೊತೆಗೆ ಗೊಬ್ಬರದಲ್ಲಿದ್ದ ಕಳೆಯೂ ಬಂತು. ಸಾವಕಾರರು ತಜ್ಞರಂತೆ ಕೂತು ಅರ್ಧ ಕೋನ್‌ಫ್ಲವರನ್ನೇ ಕಿತ್ತೆಸೆದು, ಕಳೆಗೆ ನೀರು ಹನಿಸತೊಡಗಿದರು. ತಾರವ್ವ ಬಂದು ನೋಡಿ ಹಣೆ ಹಣೆ ಬಡಿದುಕೊಂಡಳು.

"ಎಲಿ ಮುಟ್ಟಿ ನೋಡ್ರಿ ಅಕ್ಕಾರ. ಕೈಗೆ ಖರಖರ ಹತ್ತತೈತಲ್ಲ, ಇದು ನಿಮ್ಮ ಹೂವು. ಮೆತ್ತಗಿದ್ದದ್ದು ನಮ್ಮ ಕುರಿ ತಿಂದ ಬಂದದ್ದು."

ಹಾಗೆ ಹನ್ನೊಂದು ಗಿಡ ಉಳಿದವು. ಗುಂಪಿನಲ್ಲಿ ಅಂದು ಬಂದ ಸುದ್ದಿ: "ನಾನು ಒಬ್ಬನೇ ಕಷ್ಟಪಟ್ಟು ಉಳಿಸಿದ ಹನ್ನೊಂದು ಗಿಡಗಳು."

ಮೊದಲ ವರ್ಷ ಆ ಗಿಡ ಎಲೆ ಬಿಟ್ಟು ಬೇರೇನನ್ನೂ ಕೊಡಲಿಲ್ಲ. ಸಾವಕಾರರು ಜೂನಿನಲ್ಲಿ ಒಂದು ಗಿಡವನ್ನು ಕುಂಡದಲ್ಲಿಟ್ಟು, ಬರೀ ಎಲೆಯನ್ನೇ ಪ್ರದರ್ಶನಕ್ಕೆ ಒಯ್ದರು. ಅಭಯ ಬಗ್ಗಿ ನೋಡಿ, "ಪಾಲಕ್ ಏನ್ರೀ ಸಾವಕಾರ್ರ?" ಎಂದು ಕೇಳಿದನಂತೆ. ಆ ರಾತ್ರಿ ಸಾವಕಾರರು ಊಟ ಬಿಟ್ಟರು.

ಎರಡನೆಯ ವರ್ಷ, ಮೇ ತಿಂಗಳಲ್ಲಿ ಮೊಗ್ಗು ಬಂದು ಹೂವು ಅರಳಿತು. ಹೌದು, ಚಂದವಿತ್ತು. ಚನ್ನವ್ವ ಕೂಡ ಬಾಯಿ ತೆರೆದು ನೋಡಿದಳು. ಆದರೆ ನಾಲ್ಕನೆಯ ದಿನಕ್ಕೆ ಗಾಲಿಯಂತಿದ್ದ ಎಸಳುಗಳೆಲ್ಲ ಕೆಳಗೆ ಇಳಿಬಿದ್ದವು. ಸಾವಕಾರರು ರೋಗವೆಂದು ತೀರ್ಮಾನಿಸಿ ಆ ಹೂವನ್ನು ಕತ್ತರಿಸಿದರು. ಮರುದಿನ ಇನ್ನೊಂದು ಇಳಿಬಿತ್ತು, ಅದನ್ನೂ ಕತ್ತರಿಸಿದರು. ದಿನಾ ಬೆಳಿಗ್ಗೆ ಚಹಾ ಕುಡಿದ ಮೇಲೆ ಕತ್ತರಿ ಹಿಡಿದು ಹೊರಡುವುದೇ ಒಂದು ಉದ್ಯೋಗವಾಯಿತು.

ಟಾಕಿಯ ಹಿಂದಿನ ಒಂದು ಹೂವು ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ. ನೀರು ತುಂಬುವವಳು ಚನ್ನವ್ವ, ಅವಳ ಕಣ್ಣಿಗೆ ಬಿತ್ತು. ಅದರ ಎಸಳೂ ಇಳಿಬಿದ್ದಿತ್ತು. ಸತ್ತಿತೆಂದುಕೊಂಡಳು. ವಾರವಾಯಿತು, ಸಾಯಲಿಲ್ಲ. ದಂಟು ಗಟ್ಟಿ, ಬಣ್ಣ ಹಾಗೆಯೇ, ಮೇಲೆ ಜೇನು ಕೂರುತ್ತಿತ್ತು. ಎರಡು ವಾರವಾಯಿತು, ಮೂರಾಯಿತು. ಆಗ ಅವಳಿಗೆ ತಿಳಿಯಿತು, ಇದು ರೋಗವಲ್ಲ, ಈ ಹೂವಿನ ರೂಪವೇ ಹೀಗೆ.

ಗಂಡನಿಗೆ ಹೇಳಲು ಹೋದಳು. "ರೀ, ಆ ಎಸಳ ಇಳಿಬೀಳೂದೈತಲ್ಲ..." ಎನ್ನುವಷ್ಟರಲ್ಲಿ ಸಾವಕಾರರು ಕೈ ಎತ್ತಿ, "ಔಷಧ ತರಿಸೀನಿ, ನಡಿ ಒಳಗ," ಎಂದರು.

ಪ್ರದರ್ಶನದ ದಿನ ಬೆಳಿಗ್ಗೆ ಸಾವಕಾರರ ಕೂಗು ಓಣಿಗೆಲ್ಲ ಕೇಳಿತು. ಒಯ್ಯಬೇಕೆಂದು ಕುಂಡದಲ್ಲಿ ಇಟ್ಟಿದ್ದ ಗಿಡದ ಐದೂ ಹೂವಿನ ಎಸಳು ಇಳಿಬಿದ್ದಿದ್ದವು.

"ಸತ್ನೆಪ್ಪೋ! ಆ ಅಭಯನ ಮುಂದ ಮತ್ತ ಮರ್ಯಾದಿ ಹೋತು!"

ಚನ್ನವ್ವನಿಗೆ ಕನಿಕರ ಬಂತು. ಬರಬಾರದಿತ್ತು, ಆದರೂ ಬಂತು. "ರೀ, ಟಾಕಿ ಹಿಂದ ಒಂದ ಹೂವು ಐತಿ. ಒಂದೀಟ ಅದನ್ನ ನೋಡಿ ಬರ್ರಿ..."

"ನಿನ್ನ ಟಾಕಿ ತಗೊಂಡ ಏನ ಮಾಡ್ಲಿ ನಾ? ಹೂವಿನ ವಿಷಯದಾಗ ಬಾಯಿ ಹಾಕಬ್ಯಾಡ ಅಂತ ಎಷ್ಟ ಸಲ ಹೇಳಬೇಕ ನಿನಗ? ಮಾಲಿ ಕಟ್ಟಾಕರ ಬರತೈತಲ್ಲ? ದಾರ ತಗೊಂಡ ಬಾ. ಎಸಳ ಎತ್ತಿ ಕಟ್ಟ!"

ಚನ್ನವ್ವ ನಿಂತಲ್ಲೇ ನಿಂತಳು. ಇನ್ನೊಂದೇ ಮಾತು ಸಾಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಅವಳು ಮಡಿಯ ಕಡೆ ಒಮ್ಮೆ ನೋಡಿ, ನಾಲಿಗೆ ಕಚ್ಚಿಕೊಂಡು, ದಾರ ತರಲು ಒಳಗೆ ಹೋದಳು.

ಕಟ್ಟಿದಳು ನೋಡಿ! ಗುಲಾಬಿ ಬಣ್ಣದ ರೇಷ್ಮೆ ದಾರ. ಒಂದೊಂದು ಎಸಳನ್ನೂ ಬೆರಳಿನಿಂದ ಎತ್ತಿ, ನಡುವಿನ ಮುಳ್ಳಿಗೆ ಸುತ್ತಿ, ಕಣ್ಣಿಗೆ ಕಾಣದಂತೆ ಗಂಟು. ಒಂದು ತಾಸಿನಲ್ಲಿ ಐದೂ ಹೂವು ಪಾಕೀಟಿನ ಚಿತ್ರದ ಹಾಗೆಯೇ ನಿಂತವು. ಬಸವಣ್ಣನಿಗೂ ಅವಳು ಅಷ್ಟು ಶ್ರದ್ಧೆಯಿಂದ ಕಟ್ಟಿರಲಿಲ್ಲ. ದಾರ ಸಡಿಲಾದರೆ ಬಿಗಿಯಲು ಇರಲಿ ಎಂದು ಸಾವಕಾರರು ಅವಳನ್ನೂ ಕಾರಿನಲ್ಲಿ ಕೂರಿಸಿಕೊಂಡರು.

ಕೊಲ್ಹಾಪುರದಲ್ಲಿ ಜನ ಮುಗಿಬಿದ್ದು ನೋಡಿದರು. ಸಾವಕಾರರು ಎದೆಯುಬ್ಬಿಸಿ ಫ್ರಿಜ್ಜಿನ ಕಥೆ ಹೇಳಿದ್ದೇ ಹೇಳಿದ್ದು. ಅಭಯನ ಮುಖ ಸಣ್ಣದಾಯಿತು. ಆಗ ತೀರ್ಪುಗಾರ್ತಿ ಬಂದರು. ಪೂನಮ ಮೇಡಂ ಅಂತ, ಕೃಷಿ ಕಾಲೇಜಿನಲ್ಲಿ ಪಾಠ ಹೇಳುವವರು. ಗಿಡ ಬೆಳೆಸಿದವರು ಯಾರೆಂದು ಮರಾಠಿಯಲ್ಲಿ ಕೇಳಿದರು.

"ನಾನ್ರೀ! ಬೀಜದಿಂದ! ಒಬ್ಬನ!"

ಮೇಡಂ ಕನ್ನಡಕ ಏರಿಸಿ ಬಗ್ಗಿದರು. ಉಗುರಿನಿಂದ ಮೆಲ್ಲಗೆ ಒಂದು ದಾರ ಎತ್ತಿದರು. "ಹೇ ಕೋಣೀ ಬಾಂಧಲಂ?" ಇದನ್ನು ಕಟ್ಟಿದವರು ಯಾರು?

"ಇಕೀರಿ," ಎಂದರು ಸಾವಕಾರರು, ತಟ್ಟನೆ ಒಂದು ಹೆಜ್ಜೆ ಹಿಂದೆ ಸರಿದು. "ನನ್ನ ಹೆಂಡತಿ, ಚನ್ನವ್ವ."

ಎರಡು ವರ್ಷ ನಾನು, ನಾನು, ನಾನು. ಇವತ್ತು ನಾಲ್ಕು ಜನರೆದುರು ಮೊದಲ ಸಲ ಹೆಂಡತಿಯ ಹೆಸರು ನೆನಪಾಯಿತು ನೋಡಿ, ಮಹಾನುಭಾವರಿಗೆ!

ಮೇಡಂ ಎಲ್ಲರಿಗೂ ಕೇಳುವಂತೆ ಹೇಳಿದರು. ಪೂರ್ತಿ ಅರಳಿದಾಗ ಈ ಹೂವಿನ ಎಸಳು ಇಳಿಬೀಳಬೇಕು, ಅದೇ ಇದರ ಚಂದ. ಹಾಗೆಯೇ ಬಿಟ್ಟು ತಂದಿದ್ದರೆ ಈ ವರ್ಷದ ಕಪ್ಪು ಇದಕ್ಕೇ ಸಿಗುತ್ತಿತ್ತು. ದಾರ ಕಟ್ಟಿದ್ದನ್ನು ಸ್ಪರ್ಧೆಗೆ ತೆಗೆದುಕೊಳ್ಳಲು ಬರುವುದಿಲ್ಲ. ಆಮೇಲೆ ಚನ್ನವ್ವನ ಕಡೆ ತಿರುಗಿ, ತಮಗೆ ಬರುವ ಕನ್ನಡದಲ್ಲಿ, "ಗಂಟು ಮಾತ್ರ ಭಾರಿ ನಾಜೂಕು ಹಾಕೀರಿ," ಎಂದರು. ಕಪ್ಪು ಮತ್ತೆ ಅಭಯನಿಗೆ ಹೋಯಿತು.

ಕಾರು ಊರಿನ ದಾರಿ ಹಿಡಿದು ಗೋಕುಳ ಶಿರಗಾಂವ ದಾಟಿತು. "ಎಲ್ಲಾ ನಿನ್ನಿಂದ ಹೋತು," ಎಂದರು ಸಾವಕಾರರು.

"ಹೌದ್ರಿ," ಎಂದಳು ಚನ್ನವ್ವ.

ಮರುದಿನ ಮೊದಲ ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ಚನ್ನವ್ವ ಹೇಳಿ ಕಳಿಸಿದಂತೆ ತಾರವ್ವ ಬುಟ್ಟಿ ತುಂಬ ಸೇವಂತಿಗೆ ಸಸಿ ಹೊತ್ತು ಬಂದು, ಸಾವಕಾರರ ಮುಖವನ್ನು ಒಮ್ಮೆ, ಮಡಿಯನ್ನು ಒಮ್ಮೆ ನೋಡಿದಳು. ಸಾವಕಾರರು ಮಡಿಯಿಂದ ಕಾಲು ಹಿಂದೆ ತೆಗೆದರು. ಇಬ್ಬರು ಹೆಂಗಸರು ಟಾಕಿಯ ಹಿಂದಿನ ಗಿಡವೊಂದನ್ನು ಬಿಟ್ಟು ಉಳಿದ ಕೋನ್‌ಫ್ಲವರನ್ನು ಜೋಪಾನವಾಗಿ ಎತ್ತಿ ಹಿತ್ತಲಿಗೆ ಸಾಗಿಸಿದರು. ಗಿಡದ ಮೇಲೆ ಚನ್ನವ್ವನಿಗೆ ಎಂದೂ ಸಿಟ್ಟಿರಲಿಲ್ಲ.

ಸಂಜೆ ಸಾವಕಾರರಿಗೆ ಏನೋ ಹೊಳೆಯಿತು. ಟಾಕಿಯ ಹಿಂದೆ ಹೋಗಿ ಬಹಳ ಹೊತ್ತು ನಿಂತು ಬಂದರು.

"ಆ ಹೂವು ಎಷ್ಟ ದಿನದಿಂದ ಹಂಗೈತಿ?"

"ತಿಂಗಳಾಗಾಕ ಬಂತ್ರಿ."

"ಮತ್ತ... ನಿನಗ ಗೊತ್ತಿತ್ತು?"

ಚನ್ನವ್ವ ಸೇವಂತಿಗೆಯ ಬುಡಕ್ಕೆ ಮಣ್ಣು ಒತ್ತುತ್ತಲೇ ಹೇಳಿದಳು. "ಎರಡ ಸಲ ಹೇಳಾಕ ಬಂದಿದ್ನಿರಿ. ಮೂರನೇ ಸಲದ್ದು ಈ ಮಡಿ ಸಲುವಾಗಿ ನುಂಗಿಕೊಂಡ್ನಿ."

ಅವಳು ತಂಬಿಗೆ ಎತ್ತಿ ಸಸಿಗೆ ನೀರು ಹಾಕಿದಳು.