ಮುಂಬಾಗಿಲಲ್ಲಿ ಗಂಗುಲಮ್ಮ

“ಹತ್ತಬೇಡ, ಹತ್ತಬೇಡ! ಅಲ್ಲೇ ಕೆಳಗೆ ನಿಂತ್ಕೊಂಡು ಬೊಗಳೇ ಲೌಡಿ.”

ಲಾಡ್ಜಿನ ಮ್ಯಾನೇಜರ್ ನರಸಿಂಹಮೂರ್ತಿ ಕೌಂಟರಿನ ಹಿಂದಿನಿಂದಲೇ ಕೂಗಿದ. ಅಷ್ಟರಲ್ಲಿ ಗಂಗುಲಮ್ಮ ಮುಂಬಾಗಿಲ ಮೆಟ್ಟಿಲು ಹತ್ತಿಯಾಗಿತ್ತು. ಹತ್ತಿದ್ದನ್ನು ಇಳಿಯಲು ಅವಳ ಹೊಟ್ಟೆ ಒಪ್ಪುವಂತಿರಲಿಲ್ಲ. ಗರ್ಭಕೋಶ ತೆಗೆದು ಹಾಕಿದ ಹೊಲಿಗೆ ಇನ್ನೂ ಹಸಿ. ಒಂದು ಕೈಯಲ್ಲಿ ಬಾಗಿಲ ಚೌಕಟ್ಟು, ಇನ್ನೊಂದು ಕೈಯಲ್ಲಿ ಗೆಳತಿ ಮಂಗಮ್ಮನ ಭುಜ ಹಿಡಿದುಕೊಂಡು ನಿಂತಳು.

“ಅಣ್ಣಾ, ಇವತ್ತು ಆ ಕೆಲ್ಸಕ್ಕೆ ಬಂದಿಲ್ಲ. ಮಲಗಕ್ಕೆ ಬಂದಿದ್ದೀನಿ.”

“ಯಾವತ್ತೂ ಮಲಗಕ್ಕೇ ಅಲ್ವೇನೇ ನೀನು ಬರೋದು?”

“ಒಬ್ಬಳೇ ಮಲಗಕ್ಕೆ, ಅಣ್ಣ. ಒಂದು ರಾತ್ರಿ. ದುಡ್ಡು ಅದೆ, ಆಧಾರ್ ಕಾರ್ಡ್ ಅದೆ.”

ಚಿಂತಾಮಣಿ ಬಸ್ ಸ್ಟ್ಯಾಂಡಿನ ಹಿಂದಿನ ಆ ಲಾಡ್ಜು ಗಂಗುಲಮ್ಮನಿಗೆ ತವರುಮನೆಗಿಂತ ಚೆನ್ನಾಗಿ ಗೊತ್ತು. ತವರಿಗೆ ಅವಳನ್ನು ಯಾರೂ ಕರೆಯುತ್ತಿರಲಿಲ್ಲ. ಇಲ್ಲಿಗೆ ವಾರ ತಪ್ಪದೆ ಕರೆಯುತ್ತಿದ್ದರು. ಮನೆ ಇರುವುದು ದಿಬ್ಬೂರಹಳ್ಳಿ ದಾಟಿ ಒಳಗೆ. ಆಸ್ಪತ್ರೆಯಿಂದ ಬಿಡುವಾಗ ಡಾಕ್ಟರಮ್ಮ, ನಾಳೆ ಬೆಳಿಗ್ಗೆ ಬಂದು ಹೊಲಿಗೆ ತೋರಿಸು, ಅಲ್ಲಿತನಕ ಬಸ್ಸು ಹತ್ತಬೇಡ, ಮೆಟ್ಟಿಲಂತೂ ಹತ್ತಲೇಬೇಡ, ಕುಲುಕಿದರೆ ಬಿಚ್ಚಿಕೊಳ್ಳುತ್ತೆ ಎಂದಿದ್ದರು. ಮಂಗಮ್ಮನ ಬಾಡಿಗೆ ಕೋಣೆಗೆ ಹೋಗೋಣವೆಂದರೆ ಅದು ಮಾಳಿಗೆಯ ಮೇಲೆ, ಏಣಿಯಂಥ ಮೆಟ್ಟಿಲು. ಹಾಗಾಗಿ ಲಾಡ್ಜು. ಲಾಡ್ಜುಗಳನ್ನು ಕಟ್ಟುವುದೇ ಊರಿಗೆ ಹೋಗಲಾರದವರು ಮಲಗಲಿ ಅಂತ ಎಂದು ಗಂಗುಲಮ್ಮ ತಿಳಿದಿದ್ದಳು. ಪಾಪ.

“ಒಂಟಿ ಹೆಂಗಸಿಗೆ ರೂಮ್ ಕೊಡಲ್ಲ. ಅದರಲ್ಲೂ ನಿನ್ನಂತೋಳಿಗೆ ಕೊಡಲ್ಲ. ಬೋರ್ಡ್ ನೋಡು.”

ಕಳೆದ ಸಲ ಪೊಲೀಸರು ಬಂದು ಹೋದ ಮೇಲೆ ‘ಕುಟುಂಬಸ್ಥರಿಗೆ ಮಾತ್ರ’ ಎಂದು ಬೋರ್ಡು ಬರೆಸಿದ್ದರು. ಮುಂಬಾಗಿಲಿಗೆ ಬರೆಸಿದ್ದರು. ಹಿಂಬಾಗಿಲಿಗೆ ಬೋರ್ಡು ಇರಲಿಲ್ಲ.

ಅಷ್ಟರಲ್ಲಿ ಆಟೋದ ಮುನಿಶಾಮಿ ಮಾತ್ರೆಯ ಚೀಲ ಹಿಡಿದು ಹಿಂದಿನಿಂದ ಬಂದ. ಆಸ್ಪತ್ರೆಯಿಂದ ಕರೆತಂದವನು ಅವನೇ. ಗಂಡಸಿನ ಮುಖ ಕಂಡಿದ್ದೇ ತಡ, ನರಸಿಂಹಮೂರ್ತಿಯ ಹಣೆಯ ಗಂಟು ಸಡಿಲವಾಯಿತು.

“ಥೂ ನಿನ್ನ, ಗಿರಾಕಿ ಅವ್ನೆ ಅಂತ ಮೊದಲೇ ಹೇಳಬಾರದಾ?” ಎಂದು ಡ್ರಾಯರ್ ಎಳೆದು ಕರಿಮಣಿ ಸರ ತೆಗೆದು ಕೌಂಟರಿನ ಮೇಲೆ ಎಸೆದ. “ಹಾಕ್ಕೊಂಡು ಹಿಂದ್ಗಡೆಯಿಂದ ಹತ್ತಿ. ಮೇಲೆ ಮೂಲೆ ರೂಮು ಖಾಲಿ ಅದೆ.”

ಅದು ಲಾಡ್ಜಿನ ಪದ್ಧತಿ. ಮೇಲೆ ಹೋಗುವ ಹೆಂಗಸಿನ ಕೊರಳು ಬೋಳಾಗಿದ್ದರೆ ಬೇರೆ ರೂಮಿನವರು ಏನಂದುಕೊಂಡಾರು? ಅದಕ್ಕೆ ಒಂದು ರೋಲ್ಡ್‌ಗೋಲ್ಡ್ ಸರ. ಹತ್ತುವಾಗ ಹಾಕಿಕೊಳ್ಳಬೇಕು, ಇಳಿದ ಮೇಲೆ ವಾಪಸ್ಸು ಕೊಡಬೇಕು. ಸಂಜೆ ದೇವರ ಪಟಕ್ಕೆ ಊದುಬತ್ತಿ ಬೆಳಗುವಾಗ ನರಸಿಂಹಮೂರ್ತಿ ಡ್ರಾಯರ್ ತೆರೆದು ಸರಕ್ಕೂ ಒಂದು ಸುತ್ತು ಬೆಳಗುತ್ತಿದ್ದ. ದೈವಭಕ್ತ. ಗಂಗುಲಮ್ಮನ ಕೊರಳಿಗೆ ಗಂಡ ಕಟ್ಟಿದ್ದು ಒಂದೇ ಸಲ, ಅವನು ಬಿಟ್ಟು ಹೋಗಿಯೂ ಆಗಿತ್ತು. ನರಸಿಂಹಮೂರ್ತಿ ಕೊಟ್ಟಿದ್ದಕ್ಕೆ ಲೆಕ್ಕವಿಲ್ಲ.

ಮುನಿಶಾಮಿ ಬೆವೆತುಹೋದ. “ಅಯ್ಯೋ ಸಾರ್, ನಾನು ಆಟೋದೋನು. ನಂಗೆ ಇವ್ರು ಅಕ್ಕ ಇದ್ದಂಗೆ.”

“ಅಕ್ಕನೋ ಅತ್ತೆನೋ, ನಂಗ್ಯಾಕೆ? ಇಬ್ಬರು ಹತ್ತಿದ್ರೆ ರೂಮು. ಒಬ್ಬಳೇ ಆದ್ರೆ ಇಲ್ಲ.”

ಮಂಗಮ್ಮ ಕಿವಿಯಲ್ಲಿ ಹೇಳಿದಳು. “ಹಾಕ್ಕೊಳ್ಳೇ ಅತ್ಲಾಗೆ. ಮುನಿಶಾಮಿ ಒಂದು ಗಳಿಗೆ ಕೂತಿದ್ದು ಇಳಿದು ಬತ್ತಾನೆ. ನಿಂಗೆ ಹಾಸಿಗೆ ಸಿಕ್ರೆ ಸಾಕಲ್ವಾ?”

ಗಂಗುಲಮ್ಮ ಸರ ನೋಡಿದಳು. ಹಿಂದಿನ ಮೆಟ್ಟಿಲು ನೆನೆದಳು. ಸುರುಳಿ ಸುತ್ತಿದ ಕಬ್ಬಿಣದ ಮೆಟ್ಟಿಲು ಅದು. ಗಟ್ಟಿಮುಟ್ಟು ಗಂಡಸರೇ ಅಡ್ಡಡ್ಡ ತಿರುಗಿ ಇಳಿಯುತ್ತಿದ್ದರು. ಸರ ಹಾಕಿಕೊಳ್ಳುವುದು ದೊಡ್ಡದಲ್ಲ, ಎಷ್ಟೋ ಸಲ ಹಾಕಿಕೊಂಡಿದ್ದಾಳೆ. ಆದರೆ ಇವತ್ತು ಅವಳಿಗೆ ಯಾಕೋ ಬೇಜಾರು ಬಂತು. ಮೈ ಕುಯ್ಸಿಕೊಂಡು ಬಂದ ದಿನವೂ ಇವನು ಕೊಟ್ಟ ಗಂಡನ ಹಿಂದೆಯೇ ಹತ್ತಬೇಕೇ ಎಂದು ಸಿಟ್ಟೂ ಬಂತು.

“ಅಣ್ಣಾ, ಆ ಮೆಟ್ಲು ಹತ್ತಿದ್ರೆ ನನ್ನ ಕರುಳು ಕೈಗೆ ಬತ್ತದೆ. ಕೆಳಗಿನ ರೂಮು ಬಾಗಿಲು ತೆಗೆದೇ ಅದೆ. ಅದು ಕೊಡು.”

“ಕೆಳಗಿನ ರೂಮು!” ನರಸಿಂಹಮೂರ್ತಿಗೆ ನಗು ಬಂತು. “ಅದು ಮರ್ಯಾದಸ್ಥರ ರೂಮು ಕಣೇ. ಗೌರಿಬಿದನೂರಿಂದ ಗಂಡಿನ ಕಡೆಯೋರು ಬರ್ತಾವ್ರೆ, ಪಕ್ಕದ ಛತ್ರದಲ್ಲಿ ಮದುವೆ. ಆ ಮೂಲೆದೊಂದು ಬಿಟ್ಟು ಇರೋಬರೋ ರೂಮೆಲ್ಲಾ ಕೊಟ್ಟು, ಇದೊಂದು ಅವ್ರಿಗೆ ಅಂತ ಉಳ್ಸಿದ್ದೀನಿ. ನೀನು ಮಲಗಿದ ಹಾಸಿಗೆ ಮೇಲೆ ನಾಳೆ ಯಾವ ಮನುಷ್ಯ ಮಲಗ್ತಾನೆ?”

“ಮೇಲಿನ ಹಾಸಿಗೆ ಮೇಲೆ ಯಾರ್ಯಾರು ಮಲಗ್ತಾರೆ ಅಂತ ನಿಂಗೆ ಗೊತ್ತಿಲ್ವಾ?”

“ನೋರು ಮುಯ್ಯವೇ ಮುಂಡೆ! ಬಾಯಿ ಮುಚ್ಕೊಂಡು ನಡಿ ಆಚೆಗೆ!”

ಗಂಗುಲಮ್ಮ ನಡೆಯಲಿಲ್ಲ. ಕಣ್ಣು ಕತ್ತಲಿಟ್ಟಿತು. ಮಂಗಮ್ಮನ ಭುಜ ಬಿಟ್ಟು ಮೆಲ್ಲಗೆ ಕೂತಳು. ಕೂತರೆ ಹೊಲಿಗೆ ಜಗ್ಗಿತು, ಮಲಗಿದಳು. ಹೊಸ್ತಿಲ ಮೇಲೆ, ಬಾಗಿಲ ಆ ಕಂಬದಿಂದ ಈ ಕಂಬಕ್ಕೆ ಉದ್ದಕ್ಕೆ. ಬೇಕೆಂದೇ ಲೆಕ್ಕ ಹಾಕಿ ಮಲಗಿದಳೆಂದು ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಹೇಳಿಕೊಂಡರು. ಸುಳ್ಳು. ಕಾಲು ನಿಲ್ಲಲಿಲ್ಲ, ಮಲಗಿದಳು ಅಷ್ಟೆ.

ನರಸಿಂಹಮೂರ್ತಿ ಓನರ್ ಮೋಹನ್‌ಬಾಬುಗೆ ಫೋನ್ ಮಾಡಿದ. ಫೋನಿನ ದನಿ ಎಲ್ಲರಿಗೂ ಕೇಳಿಸಿತು. “ಅದಕ್ಕೂ ನನ್ನ ಕೇಳ್ಬೇಕೇನಯ್ಯ? ಎಳೆದು ಬಿಸಾಕು.”

ಎಳೆಯಲೆಂದು ಬಂದು ಬಗ್ಗಿದ. ಅವಳ ಸೀರೆಯ ನೆರಿಗೆಯ ಮೇಲೆ ಕೆಂಪಗೆ ಒದ್ದೆಯಾಗಿದ್ದದ್ದು ಕಂಡು ಕೈ ಹಿಂದಕ್ಕೆ ತೆಗೆದುಕೊಂಡ.

“ಮುಟ್ಟು ನನ್ನ ಮಗನೆ,” ಎಂದಳು ಮಂಗಮ್ಮ. “ಮುಟ್ಟು ನೋಡಣ. ಬಸ್ ಸ್ಟ್ಯಾಂಡೆಲ್ಲಾ ಇಲ್ಲಿ ಸೇರೋ ಹಂಗೆ ಬಾಯಿ ಬಡ್ಕೊತೀನಿ.”

ಆಗ ವ್ಯಾನು ಬಂತು. ಗಾಜಿನ ತುಂಬ ಹೂವಿನ ಹಾರ, ಹಿಂದೆ ಓಲಗದವರ ಇನ್ನೊಂದು ಗಾಡಿ. ಮೊದಲು ಇಳಿದವಳು ಗಂಡಿನ ತಂಗಿ ಹರಿಣಿ, ಕೈಯಲ್ಲಿ ಕಳಸ. ಅವಳ ಹಿಂದೆ ಅಜ್ಜಿ ವೆಂಕಟರತ್ನಮ್ಮ. ಹುಡುಗಿ ಸರಸರ ಮೆಟ್ಟಿಲು ಹತ್ತಿ, ಹೊಸ್ತಿಲಿಗೆ ಬಂದು ಕಾಲೆತ್ತಿದಳು.

“ಆಗು ಆಗು, ನಿಂತ್ಕೊಳ್ಳೇ!” ಅಜ್ಜಿ ಅವಳ ಜಡೆ ಹಿಡಿದು ನಿಲ್ಲಿಸಿತು. “ಮಲಗಿರೋರನ್ನ ದಾಟ್ತಾರೇನೇ? ಅದೂ ಕಳಸ ಹಿಡ್ಕೊಂಡು!”

ಮಲಗಿದವರನ್ನು ದಾಟಬಾರದು. ದಾಟಿದರೆ ಮಲಗಿದವರ ಆಯಸ್ಸು ಕುಗ್ಗುತ್ತದೆ, ದಾಟಿದವರಿಗೆ ಆ ಪಾಪ ಸುತ್ತಿಕೊಳ್ಳುತ್ತದೆ. ಈ ಸೀಮೆಯಲ್ಲಿ ಇದನ್ನು ಯಾರಿಗೂ ಕಲಿಸಬೇಕಾಗಿಲ್ಲ. ಮನುಷ್ಯರನ್ನು ತುಳಿಯಬಾರದೆಂದು ಮಾತ್ರ ಕಲಿಸಬೇಕು. ವ್ಯಾನಿನಿಂದ ಇಳಿದವರೆಲ್ಲ ಬಂದು ಬಂದು ಮೆಟ್ಟಿಲ ಮೇಲೆ ನಿಂತುಕೊಂಡರು.

“ಯಾರಪ್ಪಾ ಇದು, ಹೊಸ್ತಿಲ ಮೇಲೆ ಅಡ್ಡ ಮಲಗವ್ರೆ?” ಅಜ್ಜಿ ಕೇಳಿತು.

ನರಸಿಂಹಮೂರ್ತಿ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಇಂಥವಳು ಎಂದರೆ, ಇಂಥವಳಿಗೆ ನಿಮ್ಮ ಲಾಡ್ಜಿನಲ್ಲಿ ಏನು ಕೆಲಸ ಎಂದು ಕೇಳುತ್ತಾರೆ. ಗೊತ್ತಿಲ್ಲ ಎಂದರೆ ಮಂಗಮ್ಮ ನಿಂತಿದ್ದಾಳೆ, ಬಾಯಿ ಸುಮ್ಮನಿರುವ ಪೈಕಿಯಲ್ಲ. ಕೊನೆಗೆ ಹಲ್ಲು ಕಿರಿದು, “ನಮ್ಮ ಕಡೆಯೋರೇ ಅಮ್ಮ. ಒಸಿ ಹುಷಾರಿಲ್ಲ,” ಎಂದ.

“ನಿಮ್ಮ ಕಡೆಯೋರಾ? ಅಯ್ಯೋ ಪಾಪಂ, ಸೀರೆ ನೋಡು ಎಂಗಾಗದೆ. ನಿಮ್ಮೋರಾದ್ರೆ ಒಳಗೆ ಮಲಗಿಸಬಾರ್ದೇನಯ್ಯ, ಮನುಷ್ಯನಾ ನೀನು?”

ನರಸಿಂಹಮೂರ್ತಿ ಓಡಿಹೋಗಿ ಕೆಳಗಿನ ರೂಮಿನ ಬೀಗದಕೈ ತಂದ. ಬಗ್ಗಿ, ಅಷ್ಟು ವರ್ಷದಲ್ಲಿ ಮೊದಲ ಸಲ ಬಹುವಚನ ಹಚ್ಚಿ, ಪಿಸುಗುಟ್ಟಿದ. “ಗಂಗುಲಮ್ಮನೋರೇ, ತಗಳ್ಳಿ. ಎದ್ದು ಹೋಗಿ ಮಲಕ್ಕಳ್ಳಿ ನಮ್ಮವ್ವ.”

ಹಾಸಿಗೆ ಬಂದು ಕೈಗೇ ಬಿದ್ದಿತ್ತು. ಸುಮ್ಮನಿದ್ದಿದ್ದರೆ ಆಗಿಹೋಗುತ್ತಿತ್ತು. ಮಂಗಮ್ಮ ಕಣ್ಣಲ್ಲೇ, ಸುಮ್ಮನಿರೇ ಎಂದಳು. ಆದರೆ ಗಂಗುಲಮ್ಮನಿಗೆ ಹೊಟ್ಟೆಯ ಉರಿಗಿಂತ ಆ ‘ನಮ್ಮ ಕಡೆಯೋರು’ ಹೆಚ್ಚು ಉರಿದಿತ್ತು. ತಲೆ ಹೊರಳಿಸಿ ಅಜ್ಜಿಯ ಮುಖ ನೋಡಿದಳು.

“ನಾನು ಇವನ ಕಡೆಯೋಳಲ್ಲಮ್ಮ. ಸೂಳೆ ಕೆಲ್ಸ ಮಾಡೋಳು. ಇಲ್ಲಿಗೆ ವಾರವಾರ ಹಿಂದ್ಗಡೆಯಿಂದ ಬತ್ತೀನಿ, ಆವಾಗೆಲ್ಲಾ ರೂಮ್ ಕೊಡ್ತಾನೆ. ಇವತ್ತು ಹೊಟ್ಟೆ ಕುಯ್ಸ್ಕೊಂಡು ಒಬ್ಬಳೇ ಮುಂದ್ಗಡೆಯಿಂದ ಬಂದೆ, ಕೊಡಲ್ಲ ಅಂದ. ಈಗ ನಿಮ್ಮ ಕಳಸಕ್ಕೆ ಹೆದರಿಕೊಂಡು ಕೊಡ್ತಾವ್ನೆ.”

“ರಾಮ ರಾಮ,” ಎಂದು ಅಜ್ಜಿ ಮೊಮ್ಮಗಳನ್ನು ಎರಡು ಮೆಟ್ಟಿಲು ಕೆಳಕ್ಕೆ ಎಳೆದುಕೊಂಡಿತು. ಇಷ್ಟು ಹೊತ್ತು ಅಯ್ಯೋ ಎಂದ ಬಾಯಿಗೆ ಸೆರಗು ಬಂತು. ಗಂಡಸರು ತಲೆಯೆತ್ತಿ ಲಾಡ್ಜಿನ ಮೇಲಿನ ಕಿಟಕಿಗಳನ್ನು ನೋಡಿದರು. ಆದರೂ ದಾಟಲು ಯಾರೂ ಮುಂದೆ ಬರಲಿಲ್ಲ.

“ಎದ್ದೇಳೇ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ,” ನರಸಿಂಹಮೂರ್ತಿ ಅಳುವ ಹಾಗಾಗಿದ್ದ.

“ಏಳಕ್ಕಾಗಲ್ಲ ಕಣಣ್ಣ, ಸುಳ್ಳಲ್ಲ. ಮುನಿಶಾಮಿ ಕಾಲ ಕಡೆ ಹಿಡಿತಾನೆ. ತಲೆ ಕಡೆ ನೀನು ಹಿಡಿ. ಇಲ್ಲಿಂದಲೇ, ಇವ್ರ ಮುಂದೇನೇ ಒಳಗೆ ಎತ್ಕೊಂಡು ಹೋಗು.”

ಮುನಿಶಾಮಿ ಮಾತ್ರೆಯ ಚೀಲ ಕೆಳಗಿಟ್ಟು ಬಂದು ಅವಳ ಕಾಲ ಬಳಿ ಕೂತ. ನರಸಿಂಹಮೂರ್ತಿ ತನ್ನ ಎರಡೂ ಕೈ ನೋಡಿಕೊಂಡ. ಮೆಟ್ಟಿಲ ಮೇಲಿನ ಜನ ಅವನ ಕೈಗಳನ್ನೇ ನೋಡುತ್ತಿದ್ದರು. ಹಿಂದಿನ ಗಾಡಿಯಲ್ಲಿದ್ದ ಓಲಗದವರಿಗೆ ಇದಾವುದೂ ತಿಳಿಯದೆ, ಗಂಡು ಒಳಗೆ ಹೋದನೆಂದುಕೊಂಡು ಊದಲು ಶುರುಮಾಡಿದರು. ಗಂಗುಲಮ್ಮ ಎತ್ತಿಕೊಳ್ಳಲಿ ಎಂದು ಅವನ ಕಡೆಗೆ ತೋಳು ಚಾಚಿ ಕಾಯುತ್ತಿದ್ದಳು.