ಹದಿನೇಳನೇ ಪ್ರಶ್ನೆ

“ಮಾಸ್ತರ, ಜರಾ ಹಿಂದಿಂದ ತಲಿ ಹಿಡೀರಿ. ವಾಲಾಕತ್ತೈತಿ.”

ಅಮರಪ್ಪ ಹೀಗೆಂದಾಗ ಪ್ರಲ್ಹಾದ ಮಾಸ್ತರರು ಹಿಂದೆಮುಂದೆ ನೋಡಲಿಲ್ಲ. ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿ, ಗೋಡೆಗೂ ಹೆಣಕ್ಕೂ ನಡುವೆ ನುಸುಳಿ, ಶಿವಯೋಗೆಪ್ಪನವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತರು. ಹೆಣ ಮುಟ್ಟಿ ಬಂದರೆ ಮನೆಯಲ್ಲಿ ಹೆಂಡತಿ ತುಳಸಾಬಾಯಿ ಎಷ್ಟು ಕೊಡ ನೀರು ಸುರಿದಾಳು ಎಂಬ ಯೋಚನೆ ಕೂಡ ಬರಲಿಲ್ಲ. ಅಂಗೈಗೆ ತಗುಲಿದ ತಣ್ಣಗಿನ ಹಣೆಯೊಂದೇ ಗೊತ್ತಾಗುತ್ತಿತ್ತು. ಮೊನ್ನೆ ಸೋಮವಾರ ಗಾಂಧಿ ಚೌಕದ ತಮ್ಮ ಅರಿವೆ ಅಂಗಡಿಯಲ್ಲಿ ಇದೇ ಮನುಷ್ಯ ಅವರಿಗೆ ಚಹಾ ಕುಡಿಸಿ, ಮಕ್ಕಳ ಕ್ಷೇಮ ಕೇಳಿ ಕಳಿಸಿದ್ದರು.

ನಿನ್ನೆ ಮಧ್ಯಾಹ್ನ ಸಾರವಾಡದಲ್ಲಿ ಮೋಟಾರಿಗೆ ಕಾಯುತ್ತ ಬೇವಿನ ಕಟ್ಟೆಯ ಮೇಲೆ ಕೂತಿದ್ದವರು ಕೂತಲ್ಲೇ ಹೋಗಿಬಿಟ್ಟಿದ್ದರು. ಮೋಟಾರು ಬಂದಾಗ ಕ್ಲೀನರ್ ಬುಡ್ಡೇಸಾಬ ಎರಡು ಸಲ ಕೂಗಿದನಂತೆ, “ಏಳ್ರಿ ಸಾವ್ಕಾರ್ರ, ಬಬಲೇಶ್ವರಕ್ಕ ಬರೋದಿಲ್ಲೇನ್ರಿ?” ಎಂದು. ಐವತ್ತೆಂಟರ ಗಟ್ಟಿ ಆಳು, ಒಂದು ದಿನ ಜ್ವರವೆಂದು ಮಲಗಿದವರಲ್ಲ. ಅವರ ಊರಾದ ತಿಕೋಟಾದ ಜನ ಇನ್ನೂ ನಂಬದೆ, ಅಂಗಳದಲ್ಲಿ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಅಳುವುದಕ್ಕೂ ಹೊತ್ತು ಬೇಕಲ್ಲ.

ಪದ್ಮಾಸನ ಹಾಕಿಸಿ, ಹಣೆಗೆ ಮೂರು ಬೆರಳು ವಿಭೂತಿ ಬಳಿದು, ಎಡಗೈಯಲ್ಲಿ ಲಿಂಗ ಇಟ್ಟಿದ್ದರು. ಪ್ರಲ್ಹಾದ ಮಾಸ್ತರರು ತಲೆಯ ಮೇಲಿಂದ ಬಗ್ಗಿ ನೋಡಿದರು. ಹೆಣದ ತೊಡೆಯ ಮೇಲೆ ಒಂದು ದಪ್ಪ ಪುಸ್ತಕವಿತ್ತು. ಯಾರೋ ಅದಕ್ಕೂ ಚೆಂಡುಹೂವಿನ ಸರ ಹಾಕಿದ್ದರು.

“ಇದನ್ಯಾಕ ಇಲ್ಲಿ ಇಟ್ಟೀರಿ?” ಎಂದರು ಮೆಲ್ಲಗೆ.

“ಸರಕಾರದ ಪುಸ್ತಕ ಅಲ್ರೀ?” ಅಮರಪ್ಪ ಸತ್ತವರ ತಮ್ಮ, ಒಕ್ಕಲುತನದವನು. “ನಮ್ಮಣ್ಣ ಮುಂಬೈ ಸಭಾದಾಗ ಎದ್ದು ನಿಂತು ಕೇಳಿದ್ದೆಲ್ಲಾ ಇದರಾಗ ಛಾಪಿಸ್ಯಾರ. ಆ ಒಂಬತ್ತು ಹೆಣ್ಣಮಕ್ಕಳ ಹೆಸರೂ ಅದಾವು. ಎಲ್ಲಾ ಹಳ್ಳಿಯಿಂದ ಅವರ ಮಂದಿ ಬರಾಕತ್ತಾರ, ನೋಡಲಿ. ಓದಾಕ ಹೆಂಗೂ ನೀವು ಇದ್ದೀರಿ.”

ಮಾಸ್ತರರ ಕೈ ಸಡಿಲಾಯಿತು. ತಲೆ ಪಕ್ಕಕ್ಕೆ ವಾಲಿತು.

*

ಸ್ವಾತಂತ್ರ್ಯ ಬಂದ ಮರುವರ್ಷ, ದೀಪಾವಳಿ ಕಳೆದ ಮೇಲೆ, ಶಿವಯೋಗೆಪ್ಪನವರು ಅಂಗಡಿಯ ಗಾದಿಯ ಮೇಲೆ ಕೂತು ಹೇಳಿ ಬರೆಸಿದ ಪ್ರಶ್ನೆ ಅದು. ಆಗ ಈ ಸೀಮೆ ಮುಂಬೈ ಪ್ರಾಂತದಲ್ಲಿತ್ತು, ಅವರು ಅಲ್ಲಿಯ ಶಾಸನಸಭೆಯ ಸದಸ್ಯರು. ಇಂಗ್ಲಿಷು ಬಾರದು. ಅವರು ಕನ್ನಡದಲ್ಲಿ ಹೇಳುವುದು, ಹೈಸ್ಕೂಲಿನಲ್ಲಿ ಇಂಗ್ಲಿಷು ಕಲಿಸುವ ಪ್ರಲ್ಹಾದ ಮಾಸ್ತರರು ಬರೆದುಕೊಡುವುದು, ಹೀಗೆ ಎರಡು ವರ್ಷದಿಂದ ನಡೆದಿತ್ತು.

“ಬರ್ಕೋರಿ. ತಿಕೋಟಾದಿಂದ ಬಬಲೇಶ್ವರದ ತನಕಾ ಕಲತಾಕಿ ನರ್ಸಬಾಯಿ ಅಂತ ಒಬ್ಬಾಕೀನೂ ಇಲ್ಲ. ಎರಡ ವರ್ಷದಾಗ ಒಂಬತ್ತ ಮಂದಿ ಹಡ್ಯಾಕ ಹೋಗಿ ಸತ್ತಾರ. ಸರಕಾರಕ್ಕ ಇದು ಗೊತ್ತೈತೋ ಇಲ್ಲೋ? ಗೊತ್ತಿದ್ರ ಏನ ಮಾಡಾಕತ್ತೈತಿ?” ಆಮೇಲೆ ಜುಬ್ಬದ ಕಿಸೆಯಿಂದ ಮಡಚಿದ ಚೀಟಿ ತೆಗೆದುಕೊಟ್ಟರು. “ಇದರಾಗ ಒಂಬತ್ತೂ ಹೆಸರು ಬರದೀನಿ. ಮನಿ ಮನಿಗೆ ಹೋಗಿ ಕೇಳ್ಕೊಂಡ ಬಂದೀನ್ರಿ. ಇವನ್ನ ಮಾತ್ರ ಬಿಡಬ್ಯಾಡ್ರಿ.”

ಮಾಸ್ತರರ ಬಳಿ ಸಭೆಯ ನಿಯಮಗಳ ಪುಸ್ತಕವಿತ್ತು. ಪ್ರಶ್ನೆ ಚಿಕ್ಕದಿರಬೇಕು, ವಾದ ಇರಬಾರದು, ಅಗತ್ಯವಿಲ್ಲದೆ ವ್ಯಕ್ತಿಗಳ ಹೆಸರು ಬರಬಾರದು. ಅವರು ಬರೆದ ಒಂದು ಪ್ರಶ್ನೆಯೂ ಅಲ್ಲಿಯವರೆಗೆ ತಿರುಗಿ ಬಂದಿರಲಿಲ್ಲ, ಅದು ಅವರ ಹೆಮ್ಮೆ. ಕೆಂಪು ಪೆನ್ಸಿಲ್ ಹಿಡಿದು, ಹುಡುಗರ ನಿಬಂಧ ತಿದ್ದುವ ಕೈಯಲ್ಲೇ ಒಂಬತ್ತು ಹೆಸರನ್ನೂ ಒಂದೊಂದಾಗಿ ಹೊಡೆದು, ಆ ಜಾಗದಲ್ಲಿ ‘ಕೆಲವು ಸ್ತ್ರೀಯರು’ ಎಂಬರ್ಥದ ಎರಡು ಇಂಗ್ಲಿಷ್ ಪದ ಬರೆದರು. ವಾಕ್ಯ ಅಚ್ಚುಕಟ್ಟಾಯಿತು.

“ಹೆಸರು ಹಾಕಿದ್ರಿಲ್ರಿ?”

ವಾದಕ್ಕೆ ನಿಂತರೆ ಸಂಜೆಯ ಟಪಾಲು ತಪ್ಪೀತು. “ಹಾಕೇನ್ರಿ” ಎಂದುಬಿಟ್ಟರು. ಅಷ್ಟೇ ಆದದ್ದು.

ಪ್ರಶ್ನೆಗೆ ಹದಿನೇಳನೇ ನಂಬರೆಂದು ಮುಂಬೈಯಿಂದ ಕಾಗದ ಬಂತು. ಅಲ್ಲಿ ಪ್ರಶ್ನೆ ಓದುವಂತಿಲ್ಲ, ನಂಬರು ಹೇಳಿದರೆ ಸಾಕು. ಶಿವಯೋಗೆಪ್ಪನವರು ರೈಲಿನಲ್ಲಿ ಸೊಲ್ಲಾಪುರ ದಾಟುವವರೆಗೂ ‘ಸೆವೆಂಟೀನ್, ಸೆವೆಂಟೀನ್’ ಎಂದು ಬಾಯಿಪಾಠ ಮಾಡಿ, ಎದುರಿನ ಸೀಟಿನವರನ್ನೆಲ್ಲ ಗಾಬರಿಗೊಳಿಸಿದ್ದರು. ಸಭೆಯಲ್ಲಿ ಎದ್ದು ನಿಂತು ಅದನ್ನೇ ಗಟ್ಟಿಯಾಗಿ ಹೇಳಿದರು. ಮಂತ್ರಿಗಳು ಇಂಗ್ಲಿಷಿನಲ್ಲಿ ಏನೋ ಉತ್ತರ ಕೊಟ್ಟರು. ಶಿವಯೋಗೆಪ್ಪನವರು ಕೈಮುಗಿದು ಕೂತರು.

ಆ ಉತ್ತರ ಏನೆಂಬುದು ಮಾಸ್ತರರಿಗೆ ತಿಳಿದದ್ದು ಎರಡು ತಿಂಗಳ ಮೇಲೆ, ಅಚ್ಚಾದ ಪುಸ್ತಕ ಅಂಚೆಯಲ್ಲಿ ಬಂದಾಗ. ‘ಅಂಥ ಸಾವುಗಳ ಮಾಹಿತಿ ಸರ್ಕಾರದ ಬಳಿ ಇಲ್ಲ. ಮಾನ್ಯ ಸದಸ್ಯರು ಹೆಸರುಗಳನ್ನು ಕೊಟ್ಟರೆ ಈಗಲೇ ವಿಚಾರಣೆಗೆ ಆಜ್ಞೆ ಮಾಡುತ್ತೇನೆ.’

ಶಿವಯೋಗೆಪ್ಪನವರು ಎದುರಿಗೇ ಕೂತು, ಲಗ್ನಪತ್ರಿಕೆ ಓದಿಸಿಕೊಳ್ಳುವವರ ಹಾಗೆ ಮುಖ ಅರಳಿಸಿಕೊಂಡು ಕಾಯುತ್ತಿದ್ದರು.

“ವಿಚಾರ ಮಾಡ್ತೀವಿ ಅಂದಾರ್ರಿ” ಎಂದರು ಮಾಸ್ತರರು.

“ಹೆಸರು ಛಾಪಿಸ್ಯಾರಿಲ್ರಿ?”

“ಛಾಪಿಸ್ಯಾರ್ರಿ.”

ಆ ವಾರವೇ ಸಾಹುಕಾರರು ಒಂಬತ್ತೂ ಮನೆಗೆ ಹೋಗಿ ಆ ಸುದ್ದಿ ಹೇಳಿ ಬಂದಿದ್ದರು. ಹೆಸರಿನ ಚೀಟಿ ಮಾಸ್ತರರ ಪೆಟ್ಟಿಗೆಯ ತಳದಲ್ಲಿ ಬಿದ್ದಿತ್ತು.

*

“ಮಾಸ್ತರ, ಒಳಗ ಬರ್ರಿ ಒಂದೀಟು.”

ಕರೆದವರು ಗುರುಸಿದ್ದವ್ವ, ಸತ್ತವರ ಹೆಂಡತಿ. ಕಣ್ಣು ಒಣಗಿದ್ದವು. ದೇವರ ಕೋಣೆಯ ಬಾಗಿಲಲ್ಲಿ ನಿಂತು, ಸೆರಗಿನಡಿಯಿಂದ ಒಂದು ಸಣ್ಣ ನೋಟಬುಕ್ಕು ತೆಗೆದರು.

“ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳತೀನಿ. ಆ ಪುಸ್ತಕದಾಗ ಹೆಸರ ಇಲ್ಲ ಅನ್ನೂದು ನಿಮಗ ಗೊತ್ತಿತ್ತಲ್ಲಾ?”

ನೆಲ ಬಿರಿದು ನುಂಗಬಾರದೇ ಅನ್ನಿಸಿತು ಮಾಸ್ತರರಿಗೆ. “ಅಕ್ಕಾರ...”

“ಅವರಿಗೂ ಗೊತ್ತಿತ್ರಿ. ಹೋದ ವಾರ ಸೊಲ್ಲಾಪುರ ರಸ್ತೆದಾಗ ಕಾಸಿಮಸಾಬರು ಸಿಕ್ಕಿದ್ರಂತ. ಕಚೇರಿಯೊಳಗ ಮುನಶಿ ಇದ್ದವರಲ್ರೀ, ಇಂಗ್ಲಿಷ ಬರತೈತಿ. ಖುಷೀಲೆ ಕೇಳೂಣಂತ ಕೈಯಾಗಿನ ಪುಸ್ತಕ ಅವರ ಕೈಲೆ ಓದಿಸ್ಯಾರ. ಮನಿಗೆ ಬಂದು ಊಟಕ್ಕ ಕುಂಡ್ರಲಿಲ್ಲ. ‘ಹೆಸರ ಕೊಡು ಅಂತ ಮಂತ್ರಿ ನನ್ನ ಕೇಳಾಕತ್ತಿದ್ರಂತ, ಗುರಸಿದ್ದಿ. ಕಿಸೇದಾಗ ಇದ್ದಿದ್ರ ಕೊಡತಿದ್ದೆ. ನಾ ಕೈಮುಗದು ಕುಂತೆ’ ಅಂದ್ರು.”

“ನನ್ನ ಕರಸಿ ಕೇಳಬೇಕಿತ್ರಿ. ಬೈಬೇಕಿತ್ತು.”

“ನಾನೂ ಅದನ್ನ ಅಂದೆ. ‘ಬ್ಯಾಡ. ಕೇಳಿದ್ರ ಆ ಮನಶಾ ಇನ್ನೊಮ್ಮಿ ನನ್ನ ಮಾರಿ ನೋಡಾಂಗಿಲ್ಲ. ಮತ್ತ ಬರ್ಯಾಕ ಅವನ ಕೈನ ಬೇಕು’ ಅಂದ್ರು. ವಯಸ್ಸು, ತಾರೀಖು ಎಲ್ಲಾ ಕೂಡಿಸಿ ಹೊಸದಾಗಿ ಬರ್ಕೊಂಡ ಬರತೀನಿ ಅಂತ ಈ ಬಿಸಲಾಗ ಊರೂರು ತಿರಗಿದ್ರು.”

ನೋಟಬುಕ್ಕಿನಲ್ಲಿ ಸಾಹುಕಾರರ ಗುಂಡಗಿನ ಅಕ್ಷರ. ಒಂದರಿಂದ ಎಂಟರವರೆಗೆ ಹೆಸರು, ಗಂಡನ ಹೆಸರು, ವಯಸ್ಸು, ಸತ್ತ ದಿನ. ಒಂಬತ್ತು ಎಂಬ ಅಂಕಿಯ ಮುಂದೆ ಖಾಲಿ. ಒಂಬತ್ತನೆಯದು ಬಬಲೇಶ್ವರದ್ದು. ಸಾರವಾಡದ ಕಟ್ಟೆಯ ಮೇಲೆ ಅವರು ಕಾಯುತ್ತಿದ್ದದ್ದು ಆ ಮೋಟಾರಿಗೆ.

ಮಾಸ್ತರರ ಪೆಟ್ಟಿಗೆಯಲ್ಲಿ ಒಂಬತ್ತೂ ಹೆಸರಿನ ಚೀಟಿ ಇತ್ತು. ಒಂದು ಮಾತು ಆಡಿದ್ದರೆ ಈ ಮನುಷ್ಯ ಬಿಸಿಲಿಗೆ ಹೋಗುತ್ತಿರಲಿಲ್ಲ. ಇನ್ನು ಬರೆದರೂ ಏನು ಬಂತು? ಕೇಳಿದ ಸದಸ್ಯ ಇಲ್ಲದಿದ್ದರೆ ಪ್ರಶ್ನೆಯೂ ಬಿದ್ದುಹೋಗುತ್ತದೆ ಎಂದು ಅದೇ ನಿಯಮಗಳ ಪುಸ್ತಕದಲ್ಲಿತ್ತು. ಮಾಸ್ತರರಿಗೆ ಅಳು ಬಂತು, ತಡೆಯಲಿಲ್ಲ.

“ಆ ಮಂದಿ ಇವತ್ತ ಕೇಳತಾರ್ರಿ” ಎಂದರು ಗುರುಸಿದ್ದವ್ವ. “ಏನ ಹೇಳತೀರೋ ನೀವ ಹೇಳ್ರಿ. ನನ್ನ ಕೈಲೆ ಆಗೂದಿಲ್ಲ.”

*

ಬಾಳೆಕಂಬ ಕಟ್ಟಿದ, ನಾಲ್ವರು ಹೊತ್ತ ವಿಮಾನದಲ್ಲಿ ಕೂತು, ಭಜನೆಯವರ ತಾಳದ ನಡುವೆ ಶಿವಯೋಗೆಪ್ಪನವರು ತಮ್ಮ ಹೊಲಕ್ಕೆ ಬಂದರು. ಕುಣಿ ತಯಾರಿತ್ತು. ಒಳಗೆ ಇಳಿಸುವ ಮೊದಲು ಅಯ್ಯನವರು ತೊಡೆಯ ಮೇಲಿನ ಪುಸ್ತಕ ನೋಡಿ, “ಇದನ್ನ ತಗೀರಿ. ಲಿಂಗ, ಪತ್ರಿ, ವಿಭೂತಿ ಅಷ್ಟ ಸಾಕು” ಎಂದರು. ಅಮರಪ್ಪ ಪುಸ್ತಕ ತೆಗೆದು ಮಾಸ್ತರರ ಕೈಯಲ್ಲಿಟ್ಟ.

ಕಾಯುತ್ತಿದ್ದವರಂತೆ ಹೆಂಗಸರು ಮುಂದೆ ಬಂದರು. ಎಲ್ಲರಿಗಿಂತ ಮೊದಲು ಬಬಲೇಶ್ವರದ ಮುರಿಗೆವ್ವ. ಅವಳ ಮಗಳು ನೀಲವ್ವ ಹತ್ತೊಂಬತ್ತಕ್ಕೆ ಚೊಚ್ಚಲ ಹೆರಿಗೆಯಲ್ಲಿ ಹೋದವಳು.

“ಯಪ್ಪಾ, ನಮ್ಮ ನೀಲವ್ವನ ಹೆಸರ ಎಲ್ಲೈತಿ ತೋರಸ್ರಿ. ಮಣ್ಣ ಮುಚ್ಚೂದ್ರಾಗ ಒಮ್ಮಿ ಮುಟ್ಟಿ ನೋಡತೀನಿ. ಸಾವ್ಕಾರ್ರು ಮನೀಗೆ ಬಂದು ಹೇಳಿದಾಗಿಂದ ಅದೊಂದ ಆಸೆ ನೋಡ್ರಿ.”

ಹೇಳಿಬಿಡಬೇಕೆಂದು ಮಾಸ್ತರರು ದಾರಿಯುದ್ದಕ್ಕೂ ಗಟ್ಟಿ ಮಾಡಿಕೊಂಡು ಬಂದಿದ್ದರು. ಆ ಮುಖ ನೋಡಿ, ಹೇಳುವ ಬದಲು ಹದಿನೇಳನೇ ಪ್ರಶ್ನೆಯ ಪುಟ ತೆರೆದರು. ಆ ಪುಟದಲ್ಲಿ ಈ ಸೀಮೆಯ ಮನುಷ್ಯರ ಹೆಸರೆಂದು ಇದ್ದದ್ದು ಒಂದೇ. ಬೆರಳು ತಾನಾಗಿ ಅಲ್ಲಿಗೇ ಹೋಯಿತು.

ಮುರಿಗೆವ್ವ ವಿಭೂತಿ ಹತ್ತಿದ ಬೆರಳನ್ನು ಅದರ ಮೇಲಿಟ್ಟಳು. “ನನ್ನವ್ವಾ” ಎಂದಳು. ಬೆರಳೆತ್ತಿದಾಗ ಅಕ್ಷರಗಳ ಮೇಲೆ ಬಿಳಿ ಗುರುತು ಉಳಿಯಿತು.

ಎರಡನೆಯವಳು ಬಂದಳು. ಮಾಸ್ತರರ ಬೆರಳು ಅಲ್ಲೇ ಇತ್ತು. ಅವಳೂ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಮೂರನೆಯವಳು ರೇಣುಕವ್ವ, ಹೆರಿಗೆಯಲ್ಲಿ ಅಕ್ಕನನ್ನು ಕಳೆದುಕೊಂಡವಳು. ಮುಟ್ಟಲು ಕೈ ಚಾಚಿದವಳು ತಡೆದಳು.

“ಮಾಸ್ತರ, ಎಲ್ಲಾರ ಹೆಸರೂ ಒಂದ ಜಾಗಾದಾಗ ಐತೇನ್ರಿ?”

ಭಜನೆಯವರು ದಣಿವಾರಿಸಿಕೊಳ್ಳಲು ತಾಳ ನಿಲ್ಲಿಸಿದ್ದರು. ಕುಣಿಯ ಸುತ್ತ ನಿಂತವರೆಲ್ಲರಿಗೂ ಆ ಮಾತು ಕೇಳಿಸಿತು. ಮಾಸ್ತರರು ಗುರುಸಿದ್ದವ್ವನ ಕಡೆ ನೋಡಿದರು. ಆಕೆ ಮುಖ ತಿರುಗಿಸಲಿಲ್ಲ.

“ಇಲ್ಲವ್ವಾ” ಎಂದರು. “ಇದು ಸಾವ್ಕಾರ್ರ ಹೆಸರು. ನಿಮ್ಮವರ ಹೆಸರು ಇದರಾಗ ಇಲ್ಲ. ಅವರು ಒಂಬತ್ತೂ ಬರದ ಕೊಟ್ಟಿದ್ರು. ನಾನ ಹೊಡದ ಹಾಕಿದೆ. ಹಾಕೇನಂತ ಅವರಿಗೆ ಸುಳ್ಳ ಹೇಳಿದೆ. ಅವರ ತಪ್ಪು ಏನೂ ಇಲ್ಲ.”

ಯಾರೂ ಬೈಯಲಿಲ್ಲ. ಅಮರಪ್ಪನ ಕೈಯಲ್ಲಿದ್ದ ಸಲಿಕೆ ಮಣ್ಣಿನ ಗುಡ್ಡೆಗೆ ಚುಚ್ಚಿಕೊಂಡು ನಿಂತಿತು. ರೇಣುಕವ್ವ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದು ಸೆರಗಿಗೆ ಒರೆಸಿಕೊಂಡಳು. ಒಂದೊಂದು ಹೆಸರು ಹೇಳಬೇಕೆಂದು ಮಾಸ್ತರರ ನಾಲಿಗೆ ತವಕಿಸಿತು. ಹೊಡೆದು ಹಾಕಿದ ಅನುಕ್ರಮದಲ್ಲೇ ಅವರಿಗೆ ಒಂಬತ್ತೂ ಬಾಯಿಪಾಠವಾಗಿದ್ದವು. ಆದರೆ ಯಾವ ಮುಖ ಇಟ್ಟುಕೊಂಡು ಹೇಳುವುದು?

ಮುರಿಗೆವ್ವ ಅವರ ಕೈಯಿಂದ ಪುಸ್ತಕ ತೆಗೆದುಕೊಂಡಳು. “ಹಂಗ ಆಗಾಂಗಿಲ್ಲ, ಯಪ್ಪಾ” ಎಂದಳು, ಹುಡುಗನಿಗೆ ತಿಳಿಹೇಳುವಂತೆ. “ಸಾವ್ಕಾರ್ರು ನಮ್ಮ ಕಟ್ಟೀ ಮ್ಯಾಲೆ ಕುಂತು ಹೇಳ್ಯಾರ. ಐತಿ ಅಂದಾರ. ನೀವ ಸರಿಯಾಗಿ ನೋಡಿಲ್ಲ.”

ಅವಳು ಕುಣಿಯ ಅಂಚಿನಲ್ಲೇ ಕೂತು, ಪುಸ್ತಕವನ್ನು ತೊಡೆಯ ಮೇಲೆ ಹರವಿಕೊಂಡಳು. ಕೆಳಗೆ ಶಿವಯೋಗೆಪ್ಪನವರ ಹೆಗಲವರೆಗೆ ಪತ್ರಿ ತುಂಬಿತ್ತು. ವಿಭೂತಿಯ ಬೆರಳು ಮೊದಲ ಸಾಲಿನ ಮೇಲೆ ಸರಿಯಿತು, ಪ್ರತಿ ಶಬ್ದಕ್ಕೂ ಸ್ವಲ್ಪ ನಿಂತು ಮುಂದೆ ಹೋಯಿತು, ಅಂಚು ಮುಟ್ಟಿ ಎರಡನೇ ಸಾಲಿಗೆ ಇಳಿಯಿತು. ಅಯ್ಯನವರು ಹೊತ್ತಾಯಿತೆಂದರು. ಯಾರೂ ಮಣ್ಣು ಎಳೆಯಲಿಲ್ಲ. ಪುಟ ಮುಗಿದಾಗ ಮುರಿಗೆವ್ವ ಹಾಳೆ ತಿರುವಿದಳು.