ಅರ್ಧ ನಿಜದ ಹಮ್ಲಾವಿ

ಸೀ ಹಮ್ಲಾವಿಯವರ ಎಡಭುಜವನ್ನು ನೋಡಿದರೆ ಸಾಕು, ಮನುಷ್ಯನ ಸ್ವಭಾವವೆಲ್ಲ ತಿಳಿಯುತ್ತಿತ್ತು. ನಮ್ಮ ಹಿರಿಯರು ತೊಡುವ, ಶಾಂಘಾಯ್ ಎಂದು ಕರೆಯುವ ಒರಟು ನೀಲಿ ಕೋಟು ಅವರ ಬಲಭುಜದ ಮೇಲೆ ಇನ್ನೂ ನೀಲಿಯಾಗಿಯೇ ಇದ್ದರೆ, ಎಡಗಡೆ ಸುಣ್ಣ ತಿಂದು ಸವೆದು, ಮೂರು ತೇಪೆ ಕಂಡು ನಾಲ್ಕನೆಯದಕ್ಕೆ ಕಾಯುತ್ತಿತ್ತು. ನಮ್ಮ ಊರು ಕಾನ್‌ಸ್ಟಂಟೀನಿನ ಯಾವ ಓಣಿಯಲ್ಲಿ ನಡೆದರೂ ಅವರು ಗೋಡೆಗೆ ಭುಜ ತಾಗಿಸಿಕೊಂಡೇ ನಡೆಯುವರು; ಮೂರು ಹೆಜ್ಜೆಗೊಮ್ಮೆ ನಿಂತು ಬೆರಳ ಗೆಣ್ಣಿನಿಂದ ಬಡಿದು, ಒಳಗಿನಿಂದ ಯಾರೋ ಉತ್ತರ ಕೊಟ್ಟಾರೆಂಬಂತೆ ಕಿವಿಗೊಡುವರು. ಉತ್ತರ ಬರುತ್ತಿದ್ದುದೂ ಉಂಟು, ಸಾಮಾನ್ಯವಾಗಿ ಬೈಗುಳದ ರೂಪದಲ್ಲಿ.

ನಗರಸಭೆಯ ನೀರಿನ ಕೊಳವೆಯ ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ನೆಲ ಅಗೆಸಿ, ಹೆಸರಿನ ಮುಂದೆ ಮರ್ಯಾದೆಯ ‘ಸೀ’ ಗಳಿಸಿದ ಮನುಷ್ಯ. ಊರಿಗೆ ಸೀರ್ತಾ ಎಂಬ ಪ್ರಾಚೀನ ಹೆಸರಿದ್ದ ಕಾಲದಿಂದ ಅದು ನಿಂತಿರುವ ಈ ಬಂಡೆಯ ಮೇಲೆ ಯಾರು ಯಾರ ತಲೆಯ ಮೇಲೆ ಮನೆ ಕಟ್ಟಿದರೆಂಬುದು ಅವರಿಗೆ ಅಂಗೈ ಗೆರೆಯಷ್ಟು ಸ್ಪಷ್ಟ. ಆದರೆ ಆ ಪಾಂಡಿತ್ಯದ ಪಕ್ಕದಲ್ಲಿ ಬದುಕುವವರ ಪಾಡು? ನೆರೆಮನೆಯಲ್ಲಿ ಇಪ್ಪತ್ತೆರಡು ವರ್ಷ ಬಾಳಿದ ನಾನು ಹೇಳುತ್ತೇನೆ: ತಲೆ ಚಿಟ್ಟು ಹಿಡಿಯುತ್ತಿತ್ತು. ಯಾರು ಏನು ಹೇಳಿದರೂ ಅವರ ಮೊದಲ ಮಾತು “ಅರ್ಧ ನಿಜ.” ಸ್ವಂತ ಭಾವಮೈದುನನ ಶವಸಂಸ್ಕಾರದಲ್ಲಿ ಯಾರೋ “ದೇವರಂಥ ಮನುಷ್ಯ” ಎಂದು ಕಣ್ಣೊರೆಸಿಕೊಂಡರೆ, ಇವರು ನಿಧಾನವಾಗಿ “ಅರ್ಧ ನಿಜ” ಎಂದರು. ಒಮ್ಮೆ ಹೆರಿಗೆ ನೋವಿನ ಹೆಂಡತಿಯನ್ನು ಟ್ಯಾಕ್ಸಿಯಲ್ಲಿ ಕೂರಿಸಿಕೊಂಡ ಪರವೂರಿನವನೊಬ್ಬ ಆಸ್ಪತ್ರೆಯ ದಾರಿ ಕೇಳಿದ. ಕಂತಾರಾ ಸೇತುವೆ ಎಷ್ಟು ಸಲ ಕುಸಿದು ಎಷ್ಟು ಸಲ ಎದ್ದಿತೆಂಬಲ್ಲಿಂದ ಇವರು ಆರಂಭಿಸಿದರು. ಮಗು ಟ್ಯಾಕ್ಸಿಯಲ್ಲೇ ಹುಟ್ಟಿತು. ಮರುದಿನ ಬಾದಾಮಿ ಮಿಠಾಯಿ ಹಿಡಿದು ನೋಡಲು ಹೋದವರು, ಹುಟ್ಟಿದ್ದು ಸೇತುವೆಯ ಈ ಕಡೆಯೋ ಆ ಕಡೆಯೋ ಎಂದು ತಂದೆಯನ್ನು ಸೂಕ್ಷ್ಮವಾಗಿ ವಿಚಾರಿಸಿದರಂತೆ.

ಇಷ್ಟೆಲ್ಲ ಸಹಿಸಿಕೊಂಡಿದ್ದೆವು. ಸಹಿಸಲಾಗದ್ದು ನಡೆದದ್ದು ಆ ಏಪ್ರಿಲ್‌ನಲ್ಲಿ.

ರುಮ್ಮೆಲ್ ಕಮರಿಯ ಅಂಚಿನ ನಮ್ಮ ಕೆಳಪೇಟೆಯ ಮನೆಗಳು ವರ್ಷಕ್ಕಿಷ್ಟೆಂದು ಜಾರುತ್ತಿದ್ದವು. ಸಮಿತಿಯೊಂದು ಬಂದು ಓಣಿ ಓಣಿ ನೋಡುತ್ತಿತ್ತು. ಪುರಾತನವೆಂದು ಬರೆದುಕೊಂಡ ಓಣಿಗೆ ಆಸರೆ, ದುರಸ್ತಿ. ಅಲ್ಲವೆಂದರೆ ಕೆಡವಿ, ಎಲ್ಲರನ್ನೂ ಪ್ರಸ್ಥಭೂಮಿಯ ಮೇಲಿನ ಹೊಸ ಊರಿನ ಫ್ಲಾಟುಗಳಿಗೆ ಸಾಗಿಸುವುದು. ನಮ್ಮ ಏಳು ಮನೆಗಳಿಗೆಲ್ಲ ಬೆನ್ನಾಗಿ ನಿಂತಿದ್ದ ದೊಡ್ಡ ಕಲ್ಲಿನ ಗೋಡೆಯನ್ನು ನಮ್ಮಜ್ಜಂದಿರೂ ರೋಮನ್ ಗೋಡೆಯೆಂದೇ ಕರೆದಿದ್ದರು. ಆದ್ದರಿಂದ ನಮಗೆ ಭಯವಿರಲಿಲ್ಲ. ಭಯವಿದ್ದದ್ದು ಒಂದೇ ಬಾಯಿಯ ಬಗ್ಗೆ.

“ನೀವೇನೂ ಹೇಳ್ಬೇಡಿ ಮಾರಾಯ್ರೇ, ಸುಮ್ನೆ ತಲೆ ಆಡಿಸಿ, ಸಾಕು,” ಎಂದು ತಾಮ್ರದ ಕೆಲಸದ ಬೂಜೆಮಾ ಕೈ ಮುಗಿಯುವುದೊಂದು ಬಾಕಿ.

“ನೋಡೋಣ,” ಎಂದರು ಇವರು.

ಸಮಿತಿ ಬಂದದ್ದು ಕಿತ್ತಳೆ ಹೂವಿನ ನೀರು ಬಟ್ಟಿ ಇಳಿಸುವ ದಿನ. ಸೀ ಹಮ್ಲಾವಿಯವರ ತಂಗಿ, ನಾವು ಗೌರವದಿಂದ ಲಾಲ್ಲಾ ಎನ್ನುವ ಅತೀಕಾರ ಅಂಗಳದಲ್ಲಿ ತಾಮ್ರದ ಹಂಡೆ ಒಲೆಯ ಮೇಲಿತ್ತು; ಬಿಳಿ ವಸ್ತ್ರ ಹೊದಿಸಿ, ಧೂಪ ಹಾಕಿ, ಏಳೂ ಮನೆಯ ಹೂವು ತುಂಬಲಾಗಿತ್ತು. ಹಂಡೆ ಬೆಂಕಿಯ ಮೇಲಿರುವಷ್ಟು ಹೊತ್ತು ಅಂಗಳದಲ್ಲಿ ಯಾರೂ ದನಿಯೆತ್ತಬಾರದು, ಎತ್ತಿದರೆ ನೀರಿನ ಪರಿಮಳ ಮುರಿಯುತ್ತದೆಂಬುದು ನಮ್ಮ ಓಣಿಯ ನಂಬಿಕೆ. ಗಂಡ ಹೆಂಡತಿ ಕೂಡ ಆ ದಿನದ ಜಗಳವನ್ನು ಮರುದಿನಕ್ಕಿಟ್ಟುಕೊಳ್ಳುವರು.

ಸಮಿತಿಯ ಪುರಾತತ್ತ್ವದ ಅಧಿಕಾರಿಣಿ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಅತೀಕಾ ಕೊಟ್ಟ ಜೇನು ಬೆಣ್ಣೆಯ ರವೆಯುಂಡೆಯನ್ನು ಬಾಯಲ್ಲಿಟ್ಟುಕೊಂಡು ಗೋಡೆಯ ಮೇಲೆ ಕೈಯಾಡಿಸಿ ತಾನಾಗಿಯೇ, “ರೋಮನ್ನರದ್ದೇ ಅಲ್ವಾ ಇದು?” ಎಂದಳು. ಲೇಖನಿ ಕಾಗದದ ಮೇಲಿತ್ತು.

“ಅರ್ಧ ನಿಜ,” ಎಂದರು ಸೀ ಹಮ್ಲಾವಿ. “ಕಲ್ಲು ಅವರದ್ದು, ಗೋಡೆ ಅವರದ್ದಲ್ಲ ತಾಯಿ. ಎಲ್ಲಿಂದಲೋ ಕಿತ್ಕೊಂಡು ಬಂದು ಫ್ರೆಂಚರು ಕುದುರೆ ಲಾಯಕ್ಕೆ ಅಂತ ಪೇರಿಸಿದ್ದು. ನಂಬಿಕೆ ಇಲ್ದಿದ್ರೆ ಬನ್ನಿ, ಕುದುರೆ ಕಟ್ಟೋ ಬಳೆ ತೋರಿಸ್ತೀನಿ.” ಅಷ್ಟಕ್ಕೇ ನಿಲ್ಲದೆ ಮಂಡಿಯೂರಿ ಸುಣ್ಣ ಕೆರೆದು, ತುಕ್ಕು ಹಿಡಿದ ಕಬ್ಬಿಣದ ಬಳೆಯನ್ನು ಬೆಳಕಿಗೆ ತಂದೂಬಿಟ್ಟರು.

ಒಂದು ಓಣಿಗೆ ಓಣಿಯೇ ಪಿಸುದನಿಯಲ್ಲಿ ಬೈಯುವುದನ್ನು ನಾನು ಕೇಳಿದ್ದು ಅದೊಂದೇ ಸಲ. ಬೂಜೆಮಾ ಅಧಿಕಾರಿಣಿಯತ್ತ ಮುಗುಳ್ನಗುತ್ತಲೇ, “ಮುದುಕಾ, ನಿನ್ನ ನಾಲಿಗೆಗೆ ಹುಳ ಬೀಳ,” ಎಂದು ಹಲ್ಲಿನ ಸಂದಿಯಲ್ಲಿ ಉಸುರಿದ. ಅತೀಕಾ ಒಲೆ ಉರುಬುತ್ತ, “ನೀನು ಹುಟ್ಟಿದ ಹೊಟ್ಟೇಲೇ ನಾನೂ ಹುಟ್ಟಿದ್ನಲ್ಲ, ಅನುಭವಿಸ್ತಿದ್ದೀನಿ,” ಎಂದು ಲಾಲಿ ಹಾಡುವಷ್ಟು ಮೆಲ್ಲಗೆ ಹೇಳಿ ಕಣ್ಣೀರನ್ನು ಹೊಗೆಯ ಲೆಕ್ಕಕ್ಕೆ ಬಿಟ್ಟರು. ನಾನು ಅವರ ಕೋಟಿನ ತುದಿ ಹಿಡಿದು ಜಗ್ಗಿದೆ. ಅವರು ನನ್ನ ಕೈ ಬಿಡಿಸಿ, ಎರಡನೆಯ ಬಳೆ ಹುಡುಕಲು ಮುಂದೆ ಹೋದರು. ಹೋಗುವ ಮುನ್ನ ಸಮಿತಿಯವರು ಏಳೂ ಬಾಗಿಲಿಗೆ ಕೆಂಪು ಬಣ್ಣದ ಗುರುತು ಹಾಕಿದರು.

ಬೆಂಕಿ ಆರಿಸಿದ ಮರುಗಳಿಗೆ ಎಲ್ಲರೂ ಅವರ ಕೋಣೆಗೆ ನುಗ್ಗಿದೆವು. ಅವರು ಮೇಜಿನ ಮುಂದೆ ಕುಳಿತು ಓಣಿಯ ನಕ್ಷೆ ಬರೆಯುತ್ತಿದ್ದರು.

“ಒಂದೇ ಒಂದು ಸುಳ್ಳು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ ಅಣ್ಣಾ?” ಎಂದು ಅತೀಕಾ ದಿನವಿಡೀ ಕೂಡಿಟ್ಟ ದನಿಯನ್ನೆಲ್ಲ ಒಮ್ಮೆಗೇ ಬಿಟ್ಟರು. “ನಿನ್ನ ಮನೆಯೂ ಹೋಗುತ್ತೆ, ಗೊತ್ತಾಯ್ತಾ?”

“ಗೊತ್ತು ಕಣೆ. ಇಲ್ಲಿ ಯಾರ್ಯಾರು ಬಾಳಿದ್ರು ಅಂತ ನಾಳೆ ಹೇಳ್ಬೇಕಾದೋನು ನಾನು. ಗೋಡೆ ವಿಷಯದಲ್ಲಿ ಸುಳ್ಳಾಡಿದೋನು ನಿಮ್ಮ ವಿಷಯ ಹೇಳಿದ್ರೆ ಯಾರು ನಂಬ್ತಾರೆ?”

“ನಂಬೋದು ಯಾರಿಗೆ ಬೇಕಾಗಿದೆ!” ಬೂಜೆಮಾ ಕಿರುಚಿದ. “ಇರೋಕೆ ಮನೆ ಬೇಕು ನಮಗೆ, ಮನೆ!”

ಎಂದೂ ಮಾತಿಗೆ ಸೋಲದವರು ತಲೆ ತಗ್ಗಿಸಿ ಮತ್ತೆ ನಕ್ಷೆಯ ಗೆರೆ ಎಳೆಯತೊಡಗಿದರು. ನಾವು ಅವರನ್ನು ಹಾಗೆಯೇ ಬಿಟ್ಟು ಬಂದೆವು. ಶರತ್ಕಾಲಕ್ಕೆ ಓಣಿ ನೆಲಸಮವಾಯಿತು. ಹೊಸ ಊರಿನ ಐದನೆಯ ಮಹಡಿಯಲ್ಲಿ ತಂಗಿಯೊಂದಿಗೆ ಎರಡು ಚಳಿಗಾಲ ಕಳೆದು ಅವರು ತೀರಿಕೊಂಡರು. ಬೂಜೆಮಾ ಮಣ್ಣಿಗೆ ಬರಲಿಲ್ಲ.

ಕಳೆದ ವರ್ಷ ವಾಸದ ಪ್ರಮಾಣಪತ್ರಕ್ಕೆಂದು ಕಚೇರಿಗೆ ಹೋದಾಗ ಗುಮಾಸ್ತ ನಮ್ಮ ಓಣಿಯ ಕಡತ ತೆಗೆದ. ಉಳಿದ ಓಣಿಗಳ ಕಡತದಲ್ಲಿ ಮನೆಸಂಖ್ಯೆ ಮತ್ತು ಕೆಡವಿದ ತಾರೀಖು, ಅಷ್ಟೇ. ನಮ್ಮದರಲ್ಲಿ ಸೀ ಹಮ್ಲಾವಿಯವರು ಅಂದು ಬರೆಯುತ್ತಿದ್ದ, ಆಮೇಲೆ ಸಮಿತಿಗೆ ಒಪ್ಪಿಸಿದ್ದ ಕೈಬರಹದ ನಕ್ಷೆಯಿತ್ತು: ಏಳು ಮನೆ, ನಾಲ್ಕು ತಲೆಮಾರಿನ ಹೆಸರುಗಳು, ಬೂಜೆಮಾನ ತಂದೆ ಕೂರುತ್ತಿದ್ದ ಜಗಲಿ, ಅತೀಕಾರ ಹಂಡೆಯ ಒಲೆಯಿದ್ದ ಮೂಲೆ. ಕೆಳಗೆ ಆ ಅಧಿಕಾರಿಣಿ ಬರೆದಿದ್ದಳು: “ಮಾಹಿತಿ: ಹಮ್ಲಾವಿ. ಪರಿಶೀಲನೆ ಅನಗತ್ಯ.”

ಅದರ ಪ್ರತಿಯನ್ನು ಅತೀಕಾರಿಗೆ ಓದಿ ಹೇಳಿದೆ. “ಪರಿಶೀಲನೆ ಅನಗತ್ಯವಂತೆ,” ಎಂದು ಅವರು ಕಾಗದವನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಮೂಲೆಯ ಗುರುತನ್ನು ಬೆರಳಿನಿಂದ ಸವರಿದರು. “ಬೂಜೆಮಾನಿಗೂ ಒಂದು ಪ್ರತಿ ಕೊಡಪ್ಪಾ.”

ಪ್ರತಿಯೊಂದು ಹಳೆಯ ನಗರವೂ ಇಂಥವರನ್ನು ಹೆರುತ್ತದೆ. ನಗರದ ಮೇಲಿನ ಅವರ ಪ್ರೀತಿ ಎಷ್ಟು ಕಠೋರವೆಂದರೆ, ಅದನ್ನು ಉಳಿಸುವುದಕ್ಕಾದರೂ ಅದರ ಬಗ್ಗೆ ಒಂದು ಸುಳ್ಳು ಆಡಲಾರರು. ನೆರೆಹೊರೆಯವರ ಸೂರು ಹೋದರೂ, ತಮ್ಮದೇ ಹೋದರೂ. ನಾವು ಇದ್ದೆವೆಂಬುದಕ್ಕೆ ಸಾಕ್ಷಿಯಾಗಿ ಅವರು ಉಳಿಸಿಕೊಡುವುದು ಒಂದು ಹಾಳೆ ಕಾಗದವನ್ನು. ಅಷ್ಟು ಸಾಕಲ್ಲವೇ ಎಂದು ಯಾರಾದರೂ ಕೇಳಿದರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ. ಆದರೂ ಆ ಹಾಳೆಗೆ ಗಾಜು ಹಾಕಿಸಿ, ದಿನವೂ ಕಣ್ಣಿಗೆ ಬೀಳುವ ಕಡೆ ತೂಗುಹಾಕಿಕೊಂಡಿದ್ದೇನೆ.